ಹಳೆಯ ಕಡತಗಳು ಟರ್ಮಿನಲ್‌ನಲ್ಲಿ ತೆರೆದುಕೊಂಡಾಗ ನಾನು ಅನುಸರಿಸಿದ ಕ್ರಮ

ಹಳೆಯ ಡಿಸ್ಕ್‌ಗಳಿಂದ ಮ್ಯಾಕ್ ಕಂಪ್ಯೂಟರಿಗೆ ತಂದ ಪತ್ರ, ವರದಿ, ಚಿತ್ರಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಅವು ತೆರೆದುಕೊಳ್ಳುವ ಬದಲು ಆದೇಶಗಳನ್ನು ಬರೆದು ನಡೆಸುವ ಟರ್ಮಿನಲ್ ಕಿಟಕಿಯೊಂದು ಮೂಡಿ, ಕಡತದ ಪೂರ್ಣ ಪಾಥ್ (ಅದಿರುವ ಜಾಗದ ವಿಳಾಸ) ಕಾಣಿಸಿ, ಅದರ ಕೆಳಗೆ ದೋಷಸಂದೇಶಗಳು ಬಂದು ನಿಲ್ಲುತ್ತಿದ್ದವು. ಫೈಂಡರ್‌ನ ‘ಗೆಟ್ ಇನ್ಫೋ’ದಲ್ಲಿ ಅವುಗಳ ಬಗೆ ‘ಯೂನಿಕ್ಸ್ ಎಕ್ಸಿಕ್ಯೂಟಬಲ್ ಫೈಲ್’, ಅಂದರೆ ಚಲಾಯಿಸಬಹುದಾದ ಪ್ರೋಗ್ರಾಮ್, ಎಂದಿತ್ತು. ಇದನ್ನು ಕಂಡು ಕಡತ ಕೆಟ್ಟಿದೆಯೆಂದೋ ವೈರಸ್ ತಗುಲಿದೆಯೆಂದೋ ಅಳಿಸಿಬಿಡುವವರಿದ್ದಾರೆ. ನನ್ನ ಬಳಿಗೆ ಬಂದ ಕಡತಗಳಲ್ಲಿ ಬಹುಪಾಲು ಸುಸ್ಥಿತಿಯಲ್ಲಿಯೇ ಇದ್ದವು.

ಮ್ಯಾಕ್ ಓಎಸ್ 9ರವರೆಗೆ ಕಡತದ ಬಗೆಯನ್ನು ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಹೇಳಬೇಕಾಗಿರಲಿಲ್ಲ; ತಲಾ ನಾಲ್ಕು ಅಕ್ಷರಗಳ ಟೈಪ್ (ಕಡತದ ಬಗೆ) ಮತ್ತು ಕ್ರಿಯೇಟರ್ (ಅದನ್ನು ರಚಿಸಿದ ತಂತ್ರಾಂಶ) ಸಂಕೇತಗಳು ಅದನ್ನು ಸೂಚಿಸುತ್ತಿದ್ದವು. ಬೇರೆ ವ್ಯವಸ್ಥೆಗಳ ಮೂಲಕ ನಕಲಾಗುವಾಗ ಆ ಸಂಕೇತಗಳು ಕಳಚಿಹೋಗುತ್ತವೆ. ಜೊತೆಗೆ ಫ್ಯಾಟ್ (FAT) ಎಂಬ, ವಿಂಡೋಸ್‌ನಲ್ಲಿಯೂ ಬಳಕೆಯಾಗುವ ಮಾದರಿಯ ಡಿಸ್ಕ್‌ಗಳಲ್ಲಿ ಯಾರು ಓದಬಹುದು, ಬರೆಯಬಹುದು, ಚಲಾಯಿಸಬಹುದು ಎಂಬ ಯೂನಿಕ್ಸ್ ಅನುಮತಿಗಳಿಗೆ ಜಾಗವೇ ಇಲ್ಲದ ಕಾರಣ, ಮ್ಯಾಕ್ ಅಲ್ಲಿನ ಪ್ರತಿ ಕಡತಕ್ಕೂ ಚಲಾಯಿಸುವ ಅನುಮತಿಯನ್ನೂ ಸೇರಿಸಿ ಎಲ್ಲವನ್ನೂ ಕೊಡುತ್ತದೆ. ಎಕ್ಸ್‌ಟೆನ್ಷನ್ ಇಲ್ಲ, ಚಲಾಯಿಸುವ ಅನುಮತಿ ಇದೆ ಎಂದಾದರೆ ಫೈಂಡರ್ ಅದನ್ನು ಪ್ರೋಗ್ರಾಮ್ ಎಂದು ಎಣಿಸಿ ಟರ್ಮಿನಲ್‌ಗೆ ಒಪ್ಪಿಸುತ್ತದೆ.

ಹೀಗೆ ತೆರೆಯುವುದು ನಿರಪಾಯಕಾರಿಯಲ್ಲ. ಚಿತ್ರವೋ ವರ್ಡ್ ದಾಖಲೆಯೋ ಆದರೆ ಚಲಾಯಿಸಲಾಗದು ಎಂಬ ಸಂದೇಶದೊಂದಿಗೆ ಮುಗಿಯುತ್ತದೆ. ಸರಳ ಪಠ್ಯವಾದರೆ ಶೆಲ್ (ಟರ್ಮಿನಲ್‌ನಲ್ಲಿ ಆದೇಶಗಳನ್ನು ನಡೆಸುವ ಪ್ರೋಗ್ರಾಮ್) ಅದರ ಒಂದೊಂದು ಸಾಲನ್ನೂ ಆದೇಶವೆಂದು ನಡೆಸಲು ಹೊರಡುತ್ತದೆ. ಸಾಲುಸಾಲಾಗಿ ‘ಕಮಾಂಡ್ ನಾಟ್ ಫೌಂಡ್’ ಎಂದು ಬರುವುದು ಆ ಪ್ರಯತ್ನದ ಗುರುತು. ಟಿಪ್ಪಣಿಯ ನಡುವೆ ಕಡತ ಅಳಿಸುವ ಆದೇಶವೇನಾದರೂ ಬರೆದಿದ್ದರೆ ಅದು ನಿಜವಾಗಿಯೇ ನಡೆದುಬಿಡಬಹುದು. ಆದ್ದರಿಂದ ಸಂಶಯ ಬಂದ ಕಡತವನ್ನು ಮತ್ತೆ ಡಬಲ್ ಕ್ಲಿಕ್ ಮಾಡದೆ, ಎಲ್ಲವನ್ನೂ ಕಂಪ್ಯೂಟರಿನ ಒಳ ಡಿಸ್ಕ್‌ಗೆ ನಕಲಿಸಿಕೊಂಡು ಆ ಪ್ರತಿಯ ಮೇಲೆಯೇ ಕೆಲಸ ಮಾಡಿದೆ.

ಕಡತದ ನಿಜವಾದ ಬಗೆ ಅದರ ಮೊದಲ ಕೆಲವು ಬೈಟ್‌ಗಳಲ್ಲಿ ಅಡಗಿರುತ್ತದೆ. ಟರ್ಮಿನಲ್‌ನಲ್ಲಿ ‘ಫೈಲ್’ (file) ಎಂಬ ಆದೇಶವನ್ನು ಬರೆದು, ಒಂದು ಜಾಗ ಬಿಟ್ಟು, ಕಡತವನ್ನು ಎಳೆದು ಕಿಟಕಿಯೊಳಗೆ ಬಿಟ್ಟು ಎಂಟರ್ ಒತ್ತಿದರೆ, ಆ ಆದೇಶ ಬೈಟ್‌ಗಳನ್ನು ಓದಿ ಬಗೆಯನ್ನು ಹೇಳುತ್ತದೆ, ಕಡತವನ್ನು ಚಲಾಯಿಸುವುದಿಲ್ಲ. ಪಿಡಿಎಫ್ ಆದರೆ ಶೇಕಡಾ ಚಿಹ್ನೆಯ ನಂತರ ಪಿಡಿಎಫ್ ಎಂಬ ಮೂರು ಅಕ್ಷರಗಳು, ಜೇಪೆಗ್ ಆದರೆ ಎಫ್‌ಎಫ್ ಡಿ8 ಎಫ್‌ಎಫ್, ಜಿಪ್ ಮತ್ತು ಹೊಸ ವರ್ಡ್ ದಾಖಲೆಗಳಾದರೆ ಪಿಕೆ ಎಂಬ ಆರಂಭ. ಹಳೆಯ ವರ್ಡ್ ದಾಖಲೆಗಳಿಗೆ ‘ಕಾಂಪೊಸಿಟ್ ಡಾಕ್ಯುಮೆಂಟ್ ಫೈಲ್’ ಎಂಬ ಉತ್ತರ ಬಂದರೆ ಗಾಬರಿಯಾಗಬೇಕಿಲ್ಲ, ಹಳೆಯ ಎಕ್ಸೆಲ್‌ಗೂ ಅದೇ ಹೊದಿಕೆ.

ಬಗೆ ತಿಳಿದ ಮೇಲೆ ಹೆಸರಿಗೆ ತಕ್ಕ ಎಕ್ಸ್‌ಟೆನ್ಷನ್ ಸೇರಿಸಿದರೆ ಸಾಕು, ಕಡತ ತನ್ನ ತಂತ್ರಾಂಶದಲ್ಲಿ ತೆರೆಯುತ್ತದೆ. ಆದರೂ ಚಲಾಯಿಸುವ ಅನುಮತಿಯನ್ನು ತೆಗೆದುಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ‘ಚ್‌ಮಾಡ್’ (chmod) ಎಂಬ, ಅನುಮತಿಗಳನ್ನು ಬದಲಿಸುವ ಆದೇಶದಿಂದ ಅದು ಸಾಧ್ಯ. ಇಲ್ಲಿ ಒಂದು ಎಚ್ಚರಿಕೆ ಬೇಕು: ಇಡೀ ಫೋಲ್ಡರಿಗೆ ಆ ಆದೇಶವನ್ನು ಒಟ್ಟಾಗಿ ಕೊಟ್ಟರೆ ಒಳಗಿನ ಫೋಲ್ಡರುಗಳ ಅನುಮತಿಯೂ ಹೋಗುತ್ತದೆ, ಮತ್ತು ಫೋಲ್ಡರಿಗೆ ಆ ಅನುಮತಿಯಿಲ್ಲದಿದ್ದರೆ ಅದರೊಳಕ್ಕೆ ಪ್ರವೇಶಿಸಲಾಗದು. ಹಾಗಾಗಿ ‘ಫೈಂಡ್’ (find) ಎಂಬ ಹುಡುಕುವ ಆದೇಶದಿಂದ ಕಡತಗಳನ್ನು ಮಾತ್ರ ಆರಿಸಿಕೊಂಡು ಅನುಮತಿ ತೆಗೆದೆ. ಫ್ಯಾಟ್ ಡಿಸ್ಕ್‌ನ ಮೇಲೆಯೇ ಇದನ್ನು ಮಾಡಿದರೆ ಬದಲಾವಣೆ ನಿಲ್ಲದು.

ಹಳೆಯ ಪೋಸ್ಟ್‌ಸ್ಕ್ರಿಪ್ಟ್ ಅಕ್ಷರಶೈಲಿಗಳ ಸ್ಥಿತಿ ಬೇರೆ. ಅವುಗಳ ಮಾಹಿತಿಯೆಲ್ಲ ರಿಸೋರ್ಸ್ ಫೋರ್ಕ್ ಎಂಬ ಪ್ರತ್ಯೇಕ ಭಾಗದಲ್ಲಿರುತ್ತದೆ. ಆ ಭಾಗ ನಕಲಾಗದೆ ಉಳಿದರೆ ಕೈಗೆ ಬರುವುದು ಸೊನ್ನೆ ಬೈಟ್‌ಗಳ ಬರಿಯ ಹೆಸರು. ಅದನ್ನು ಎಕ್ಸ್‌ಟೆನ್ಷನ್ ಸರಿಪಡಿಸದು, ಅನುಮತಿಯೂ ಸರಿಪಡಿಸದು. ಮೂಲ ಡಿಸ್ಕ್ ಉಳಿದಿದ್ದರೆ ಅದನ್ನು ಮ್ಯಾಕ್‌ಗೇ ಜೋಡಿಸಿ, ಮ್ಯಾಕ್ ಮಾದರಿಯ ಇನ್ನೊಂದು ಡಿಸ್ಕ್‌ಗೆ ನೇರವಾಗಿ ಮತ್ತೊಮ್ಮೆ ನಕಲಿಸಬೇಕು.