ಸಂಡೂರು ಏರಿನಲ್ಲಿ ಕೆಮ್ಮುತ್ತಿದ್ದ ಕಾರು

ಬಳ್ಳಾರಿ ಊರೊಳಗೆ ಓಡಾಡುವಾಗ ನಮ್ಮ ಟರ್ಬೊ ಪೆಟ್ರೋಲ್ ಕಾರಿಗೆ ಏನೂ ತಕರಾರಿರಲಿಲ್ಲ. ಸಂಡೂರಿನ ಏರಿನಲ್ಲಿ ಅದಿರಿನ ಲಾರಿ ಹಿಂದಿಕ್ಕೋಣ ಅಂತ ಕಾಲು ಒತ್ತಿದೆನೋ, ಜಗ್ಗಿ ಜಗ್ಗಿ ಕೆಮ್ಮುತ್ತಿತ್ತು. ಚೆಕ್ ಎಂಜಿನ್ ದೀಪವೂ ಮಿಣಮಿಣ. ಅದು ಮಿಣುಕುವಾಗ ಜೋರು ಓಡಿಸಬಾರದು, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

ಮೆಕ್ಯಾನಿಕ್ ಒಬ್ಬರು ‘ಪೆಟ್ರೋಲ್ ಕಲಬೆರಕೆ’ ಅಂದರು. ಹಾಗಿದ್ದರೆ ನಾಲ್ಕೂ ಸಿಲಿಂಡರ್ ಕೆಮ್ಮಬೇಕಲ್ಲ? ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಪಿ0303, ಅಂದರೆ ಕೆಮ್ಮುತ್ತಿದ್ದುದು ಮೂರನೆಯದು ಮಾತ್ರ. ಎಂಜಿನ್ ಆರಲು ಬಿಟ್ಟು (ನಮ್ಮ ಮೇ ಬಿಸಿಲಲ್ಲಿ ಅದಕ್ಕೇ ಅರ್ಧ ದಿನ) ಒಂದು ಮತ್ತು ಮೂರರ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ) ಅದಲುಬದಲು ಮಾಡಿದೆ. ಕೋಡ್ ಅಳಿಸಿ ಮತ್ತೆ ಅದೇ ಏರು. ಈ ಸಲ ಪಿ0301, ಕೆಮ್ಮು ಕಾಯಿಲ್ ಜೊತೆಗೇ ಒಂದನೆಯದಕ್ಕೆ ಹೋಗಿತ್ತು! ಕಳ್ಳ ಸಿಕ್ಕ.

ಆದರೆ ಬರೀ ಕಾಯಿಲ್ ಬದಲಿಸಿ ಕೈ ತೊಳೆದುಕೊಂಡಿದ್ದರೆ ಹೊಸದೂ ಹೋಗುತ್ತಿತ್ತೇನೋ. ಪ್ಲಗ್ ಬಿಚ್ಚಿದರೆ ಕಿಡಿ ಹಾರುವ ಸಂದಿಗೆ, ಅಂದರೆ ಗ್ಯಾಪಿಗೆ, 1.1 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಸಲೀಸಾಗಿ ಹೋಯಿತು. ಕಾರಿನ ಪುಸ್ತಕ ಹೇಳುವುದು 0.7. ಟರ್ಬೊ ಗಾಳಿ ತುರುಕಿದಾಗ ಸಿಲಿಂಡರ್ ಒತ್ತಡ ಏರಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಗ್ಯಾಪ್ ಸವೆದು ಅಗಲವಾದರೆ ಇನ್ನೂ ಹೆಚ್ಚು. ಆ ಭಾರವೆಲ್ಲ ಕಾಯಿಲ್ ತಲೆಗೆ. ಹಳೇ ಕಾಯಿಲಿನ ರಬ್ಬರ್ ಬೂಟಿನೊಳಗೆ ಟಾರ್ಚ್ ಬಿಟ್ಟು ನೋಡಿದೆ: ಪೆನ್ಸಿಲಲ್ಲಿ ಎಳೆದಂಥ ತೆಳು ಗೆರೆ, ಕಿಡಿ ಅಡ್ಡದಾರಿ ಹಿಡಿದ ಗುರುತು.

ಒಂದು ಕಾಯಿಲ್, ನಾಲ್ಕು ಪ್ಲಗ್ ಹೊಸದು ಹಾಕಿ ಅಳತೆಯಷ್ಟೇ ಬಿಗಿಯುವ ಟಾರ್ಕ್ ರೆಂಚಲ್ಲಿ ಬಿಗಿದೆ. ಮರುದಿನ ಅದೇ ಏರಿನಲ್ಲಿ ಲಾರಿ ಹಿಂದೆ ಬಿತ್ತು, ಅದರ ಕೆಂಪು ಧೂಳು ಮಾತ್ರ ಗಾಜಿನ ಮೇಲೆ ಉಳಿಯಿತು.