ಪಿಕಪ್ ಗಾಡಿಗೆ ಪಿಕಪ್ ಇಲ್ಲದಾಗ

ಕಾರಟಗಿಯ ಮಿಲ್‌ನಲ್ಲಿ 25 ಕೆಜಿಯ 50 ಚೀಲ ಸೋನಾ ಮಸೂರಿ ಹೇರಿಕೊಂಡು ಕುಷ್ಟಗಿಗೆ ಹೊರಟಿದ್ದೆ. ಗಂಗಾವತಿವರೆಗೆ ಗಾಡಿ ಬೆಣ್ಣೆಯಂಗೆ ಬಂತು. ಕನಕಗಿರಿ ಹತ್ತಿರ ಬರುವಷ್ಟರಲ್ಲಿ ಜಗ್ಗೋಕೆ ಶುರು ಮಾಡಿತು. ಆಕ್ಸಿಲೇಟರ್ ಒತ್ತಿದರೂ ಓಡಲ್ಲ, ನ್ಯೂಟ್ರಲ್‌ಗೆ ತಂದರೆ ಗೇರ್ ರಾಡ್ ಕೈಯಲ್ಲಿ ಕುಣಿಯುತ್ತದೆ, ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟು ಬೇರೆ. ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರೆ. ನಾನು ಅಲ್ಲಿ ಒಂದು ತಾಸು ಬಾನೆಟ್ ಒಳಗೆ ನೋಡುತ್ತ ನಿಂತಿದ್ದೆ.

ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸುವ ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ನನ್ನ ಹತ್ತಿರ ಇದೆ. ಮೊಬೈಲ್‌ಗೆ ಜೋಡಿಸಿದೆ. ಎರಡು ಕೋಡ್ ಬಂದವು: ಪಿ0087, ಪಿ0203. ಮೊದಲನೆಯದು ರೇಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ದಪ್ಪ ಪೈಪಿನಲ್ಲಿ, ಡೀಸೆಲ್ ಒತ್ತಡ ಕಡಿಮೆ ಅಂತ. ಎರಡನೆಯದು ಮೂರನೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಸರ್ಕ್ಯೂಟ್‌ನಲ್ಲಿ ತೊಂದರೆ ಅಂತ. ಇಲ್ಲೊಂದು ತಪ್ಪು ಮಾಡಿದೆ. ಲೈಟು ಹೋದರೆ ಸಾಕು ಅನ್ನೋ ಅವಸರದಲ್ಲಿ ಎರಡನ್ನೂ ಅಳಿಸಿಬಿಟ್ಟೆ. ಕೋಡ್ ಬಿದ್ದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು ಅನ್ನುವುದನ್ನು ಗಾಡಿಯ ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಅದೂ ಕೋಡ್ ಜೊತೆ ಅಳಿಸಿಹೋಯಿತು. ಈಗ ಮೊದಲು ಸ್ಕ್ರೀನಿನ ಫೋಟೊ, ಆಮೇಲೆ ಉಳಿದದ್ದು.

ಹೇಗೋ ತೆವಳಿಕೊಂಡು ಕುಷ್ಟಗಿ ಮುಟ್ಟಿ ಚೀಲ ಇಳಿಸಿದೆ. ಅಲ್ಲಿಯ ಒಂದು ಗ್ಯಾರೇಜಿನ ಹುಡುಗ ಶಬ್ದ ಕೇಳಿದವನೇ, "ನಾಲ್ಕೂ ಇಂಜೆಕ್ಟರ್ ಹೋಗ್ಯಾವಣ್ಣಾ, ಬಿಚ್ಚಿ ಹೊಸಾವು ಹಾಕೂದು" ಅಂದ. ಆ ರೇಟಿಗೆ ನಮ್ಮೂರಲ್ಲಿ ಒಂದು ಎಮ್ಮೆ ಬರುತ್ತದೆ. "ಎಲ್ಡು ದಿನ ತಡಿಯಪಾ" ಅಂತ ಹೇಳಿ ಬಂದೆ.

ಹಳೇ ಜೀಪಿನ ಕಾಲದಲ್ಲಿ ಮಿಸ್ಸಿಂಗ್, ಅಂದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ, ಹಿಡಿಯೋದು ಸುಲಭ ಇತ್ತು. ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ, ಯಾವುದನ್ನು ಸಡಿಲಿಸಿದರೆ ಶಬ್ದ ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್ ಅಂತ ಹಿಡಿಯುತ್ತಿದ್ದೆವು. ಈಗಿನ ನನ್ನ ಗಾಡಿಯಂಥ, ಎಲ್ಲ ಇಂಜೆಕ್ಟರಿಗೂ ಒಂದೇ ರೇಲ್ ಇರುವ ಕಾಮನ್ ರೇಲ್ ಇಂಜಿನ್ನಿಗೆ ಇದನ್ನು ದಯವಿಟ್ಟು ಮಾಡಬೇಡಿ. ಸುಮ್ಮನೆ ಐಡ್ಲಿಂಗ್‌ನಲ್ಲಿ ನಿಂತಾಗಲೇ ರೇಲ್ ಒಳಗೆ ನೂರಾರು ಬಾರ್ ಒತ್ತಡ ಇರುತ್ತದೆ, ಲೋಡ್ ಬಿದ್ದಾಗ ಸಾವಿರ ದಾಟುತ್ತದೆ. ಆ ಡೀಸೆಲ್ ಸೂಜಿಯಂತೆ ಚರ್ಮ ಹೊಕ್ಕರೆ ಬೆರಳೇ ಹೋದೀತು. ಓಡುವಾಗ ಇಂಜೆಕ್ಟರಿನ ಪ್ಲಗ್ ಎಳೆಯುವುದೂ ಬೇಡ, ಅಲ್ಲಿ ಹರಿಯುವುದು ಬ್ಯಾಟರಿಯ 12 ವೋಲ್ಟ್ ಅಲ್ಲ, ಅದರ ಎಷ್ಟೋ ಪಟ್ಟು.

ಮೊದಲು ಸುಲಭದ್ದು ನೋಡಿದೆ. ಡೀಸೆಲ್ ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ತಿರುಗಿಸಿ ಗಾಜಿನ ಲೋಟಕ್ಕೆ ಹಿಡಿದೆ. ಎರಡು ನಿಮಿಷ ಬಿಟ್ಟರೆ ಲೋಟದ ತಳದಲ್ಲಿ ಒಂದು ಬೆರಳು ನೀರು, ಮೇಲೆ ಡೀಸೆಲ್, ನಡುವೆ ಕಪ್ಪು ಗಸಿ. ಫಿಲ್ಟರ್ ಬದಲಿಸಿದೆ. ಮೊಬೈಲ್‌ನಲ್ಲಿ ರೇಲ್ ಒತ್ತಡ ನೋಡಿಕೊಂಡೇ ರೇಸ್ ಮಾಡಿದೆ, ಕಂಪ್ಯೂಟರ್ ಕೇಳಿದಷ್ಟೂ ಸಿಗುತ್ತಿತ್ತು. ಪಿ0087ರ ಕಥೆ ಅಲ್ಲಿಗೆ ಮುಗಿಯಿತು, ಇವತ್ತಿನವರೆಗೂ ಮತ್ತೆ ಬಂದಿಲ್ಲ.

ಎರಡು ದಿನಕ್ಕೆ ಮತ್ತೆ ಅದೇ ನಡುಕ. ಈ ಸಲ ಪಿ0203 ಒಂದೇ. ಫೋಟೊದಲ್ಲಿ ನೋಡಿದರೆ ಇಂಜಿನ್ ಪೂರಾ ಬಿಸಿಯಾದ ಮೇಲೆ ಬಿದ್ದ ಕೋಡ್ ಅದು.

ಗಂಗಾವತಿಯಲ್ಲಿ ನನಗೆ ಕೆಲಸ ಕಲಿಸಿದ ಮಿಸ್ತ್ರಿ ಕಾಕಾ ಒಬ್ಬರಿದ್ದಾರೆ. ಫೋನ್ ಮಾಡಿದೆ. "ಸರ್ಕ್ಯೂಟ್ ಅಂತ ಬಂದೈತಿಲ್ಲೋ ತಮ್ಮಾ? ಸರ್ಕ್ಯೂಟ್ ಅಂದ್ರ ಇಂಜೆಕ್ಟರ್ ಒಂದೇ ಅಲ್ಲ. ವೈರು, ಪ್ಲಗ್ಗು, ಕಂಪ್ಯೂಟರು ಎಲ್ಲಾ ಬಂತು. ಅಗ್ಗದ್ದು ಮೊದಲು ನೋಡು" ಅಂದರು. ಹುಡುಗ ಹೇಳಿದ್ದು ನಿಜವೋ ಸುಳ್ಳೋ ತಿಳಿಯಲಿಕ್ಕೆ ರಿಟರ್ನ್ ಟೆಸ್ಟ್ ಮಾಡು ಅಂತಲೂ ಹೇಳಿಕೊಟ್ಟರು. ನಾಲ್ಕೂ ಇಂಜೆಕ್ಟರಿನಿಂದ ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪ್ ಬಿಚ್ಚಿ, ನಾಲ್ಕು ಖಾಲಿ ನೀರಿನ ಬಾಟಲಿಗೆ ಬಿಟ್ಟು, ಇಂಜಿನ್ ತಣ್ಣಗಿದ್ದು ಸರಿಯಾಗಿ ಓಡುವಾಗ ಎರಡು ನಿಮಿಷ ಹಾಗೇ ಓಡಲು ಬಿಟ್ಟೆ. ಸವೆದ ಇಂಜೆಕ್ಟರ್ ಇದ್ದರೆ ಅದರ ಬಾಟಲಿ ಬೇಗ ತುಂಬುತ್ತದೆ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ, ಅಂದರೆ ಯಾವುದೂ ಸವೆದಿಲ್ಲ. ಹೊಸದು ಹಾಕಿಸಿದ್ದರೆ ಪ್ರತಿಯೊಂದರ ತಲೆ ಮೇಲಿನ ನಂಬರನ್ನು ಕಂಪ್ಯೂಟರಿಗೆ ಬರೆಸುವ ಖರ್ಚೂ ಮೇಲೆ ಬೀಳುತ್ತಿತ್ತು.

ಉಳಿದದ್ದು ವೈರಿಂಗ್. ಬ್ಯಾಟರಿಯ ನೆಗೆಟಿವ್ ತೆಗೆದು, ಕಂಪ್ಯೂಟರ್ ಕಡೆಯ ಪ್ಲಗ್ಗೂ ಮೂರನೇ ಇಂಜೆಕ್ಟರಿನ ಪ್ಲಗ್ಗೂ ಬಿಚ್ಚಿದೆ. ಮಲ್ಟಿಮೀಟರನ್ನು ಬೀಪ್‌ಗಿಟ್ಟು ಒಂದೊಂದೇ ವೈರಿನ ಎರಡು ತುದಿ ಹಿಡಿದೆ, ವೈರು ತುಂಡಾಗಿರದಿದ್ದರೆ ಮೀಟರ್ ಕೂಗುತ್ತದೆ. ಎರಡೂ ಬೀಪ್ ಅಂದವು, ಎದೆ ಧಸಕ್ಕೆಂದಿತು. ಹಂಗಾದರೆ ಕಂಪ್ಯೂಟರೇ ಹೋಗಿರಬೇಕಾ? ಆಮೇಲೆ ಮಗನ ಕೈಗೆ ಮೀಟರ್ ಕೊಟ್ಟು, ವೈರಿನ ಕಟ್ಟನ್ನು ಗೇಣು ಗೇಣಿಗೂ ಬಗ್ಗಿಸುತ್ತ ಹೋದೆ. ಇಂಜಿನ್ ಹಿಂಬದಿಯ ಬ್ರಾಕೆಟ್ ಹತ್ತಿರ ಬಗ್ಗಿಸಿದಾಗ "ಅಪ್ಪಾ, ನಿಂತ್ಹೋತು" ಅಂದ.

ಟೇಪ್ ಬಿಚ್ಚಿದರೆ ಒಳಗೆ ಭತ್ತದ ಹೊಟ್ಟು, ಚೀಲ ಹೊಲಿಯುವ ದಾರ, ಒಣಗಿದ ಇಲಿ ಹಿಕ್ಕೆ. ವೈರಿನ ಪ್ಲಾಸ್ಟಿಕ್ ಪೂರಾ ತಿಂದು, ತಾಮ್ರದ ಎರಡೇ ಎಳೆ ಬಿಟ್ಟಿತ್ತು. ತಣ್ಣಗಿದ್ದಾಗ ತಾಗುತ್ತಿತ್ತು, ಬಿಸಿಯಾಗಿ ರೋಡಿಗೆ ಕುಲುಕಿದಾಗ ಬಿಡುತ್ತಿತ್ತು. ವಾರದಲ್ಲಿ ಮೂರು ರಾತ್ರಿ ಮಿಲ್ ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ಇನ್ನೇನಾಗುತ್ತದೆ!

ಕೆಟ್ಟ ತುಂಡು ಕತ್ತರಿಸಿ, ಅದೇ ದಪ್ಪದ ವೈರು ಹಾಕಿ ಬೆಸುಗೆ ಮಾಡಿದೆ. ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿ ಕೂರಿಸಿದೆ. ಎರಡೂ ವೈರನ್ನು ಮೊದಲಿನಂತೆಯೇ ಹೆಣೆದು ಫ್ಲೆಕ್ಸಿಬಲ್ ಪೈಪಿನೊಳಗೆ ಸೇರಿಸಿದೆ. ಆಮೇಲೆ ಕೋಡ್ ಅಳಿಸಿ, ತುಂಬಿದ ಲೋಡಿನಲ್ಲೇ ತಾವರಗೇರಾ ದಾಟಿ ಕುಷ್ಟಗಿ ಮುಟ್ಟಿದೆ. ಲೈಟು ಬರಲಿಲ್ಲ.

ಈಗ ಮಿಲ್‌ನಲ್ಲಿ ರಾತ್ರಿ ನಿಲ್ಲಿಸಿದರೆ ಬಾನೆಟ್ ಎತ್ತಿಯೇ ಇಟ್ಟಿರುತ್ತೇನೆ, ಬ್ರಾಕೆಟ್ ಪಕ್ಕ ಹೊಗೆಸೊಪ್ಪಿನ ಗಂಟು ಕಟ್ಟಿದ್ದೇನೆ. ಮಿಲ್ಲಿನ ವಾಚ್‌ಮನ್ ತಾತ ಅದರಲ್ಲಿ ದಿನಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಅವನಿಗೂ ಸೇರಿಸಿ ಒಂದು ಗಂಟು ಜಾಸ್ತಿ ತರುತ್ತೇನೆ.