ಮಸೂದೆ ಯಾವಾಗ, ಚರ್ಚೆ ಎಷ್ಟು ಹೊತ್ತು? ವಿರೋಧ ಪಕ್ಷದ ನಾಯಕರು ಸರ್ಕಾರವನ್ನು ಪ್ರಶ್ನಿಸುವ ಬಗೆ

2020ರ ಸೆಪ್ಟೆಂಬರ್ 20, ಭಾನುವಾರ. ಕೋವಿಡ್ ಕಾರಣಕ್ಕೆ ರಾಜ್ಯಸಭೆಯ ಕಲಾಪವನ್ನು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಸೀಮಿತಗೊಳಿಸಿದ್ದ ದಿನಗಳು. ಕೃಷಿ ಮಸೂದೆಗಳ ಚರ್ಚೆ ನಡೆಯುತ್ತಿದ್ದಂತೆ ಒಂದು ಗಂಟೆ ಹತ್ತಿರ ಬಂತು. ಸಚಿವರ ಉತ್ತರ ನಾಳೆಗಿರಲಿ, ಕಲಾಪ ವಿಸ್ತರಿಸುವುದಾದರೆ ಎಲ್ಲರ ಒಪ್ಪಿಗೆ ಬೇಕು ಎಂದು ಆಗಿನ ವಿರೋಧ ಪಕ್ಷದ ನಾಯಕ ಗುಲಾಂ ನಬಿ ಆಜಾದ್ ಒತ್ತಾಯಿಸಿದರು. ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಕಲಾಪ ಮುಂದುವರಿಸಿದರು. ಆಮೇಲೆ ನಡೆದ ಗದ್ದಲವನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಆದರೆ ಜಗಳ ಹತ್ತಿಕೊಂಡಿದ್ದು ಹೊತ್ತಿನ ವಿಚಾರಕ್ಕೆ ಎಂಬುದು ಬಹಳ ಜನರ ಗಮನಕ್ಕೆ ಬರಲಿಲ್ಲ.

ಸಂಸತ್ತಿನಲ್ಲಿ ಸರ್ಕಾರದ ದೊಡ್ಡ ಬಲ ಬಹುಮತ ಎಂದುಕೊಳ್ಳುತ್ತೇವೆ. ಅದಕ್ಕಿಂತ ಮೊದಲು ಕೆಲಸ ಮಾಡುವ ಇನ್ನೊಂದು ಬಲವಿದೆ. ಯಾವ ಮಸೂದೆ, ಯಾವ ದಿನ, ಎಷ್ಟು ಗಂಟೆ ಎಂದು ತೀರ್ಮಾನಿಸುವ ಅಧಿಕಾರ ಅದು. ವಿರೋಧ ಪಕ್ಷದ ನಾಯಕರ ನಿಜವಾದ ಪರೀಕ್ಷೆ ಇರುವುದು ಇಲ್ಲೇ. ಅವರ ಕೈಯಲ್ಲಿರುವ ದಾರಿಗಳನ್ನು ಅಧಿವೇಶನ ಸಾಗುವ ಕ್ರಮದಲ್ಲೇ ನೋಡೋಣ.

ಹಂತ 1: ದಿನಾಂಕವನ್ನೇ ಪ್ರಶ್ನಿಸುವುದು

ಅಧಿವೇಶನ ಕರೆಯುವವರು ರಾಷ್ಟ್ರಪತಿ. ದಿನಾಂಕ ಗೊತ್ತು ಮಾಡುವುದು ಸಂಪುಟ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು ಎಂಬುದಷ್ಟೇ ಸಂವಿಧಾನದ 85ನೇ ವಿಧಿಯ ಕಟ್ಟುಪಾಡು. ವರ್ಷಕ್ಕೆ ಇಂತಿಷ್ಟು ದಿನ ಸದನ ನಡೆಯಲೇಬೇಕು ಎಂದು ಸಂವಿಧಾನ ಎಲ್ಲೂ ಹೇಳಿಲ್ಲ.

ಹಾಗಾಗಿ ಈ ಹಂತದಲ್ಲಿ ವಿಪಕ್ಷಕ್ಕೆ ಉಳಿಯುವುದು ಪತ್ರ ಮತ್ತು ಸರ್ವಪಕ್ಷ ಸಭೆ. 2023ರ ಆಗಸ್ಟ್ 31ರಂದು ಆಗಿನ ಸಂಸದೀಯ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಸೆಪ್ಟೆಂಬರ್ 18ರಿಂದ 22ರವರೆಗೆ ವಿಶೇಷ ಅಧಿವೇಶನ ಎಂದು ಪ್ರಕಟಿಸಿದರು. ಯಾವ ವಿಷಯಕ್ಕೆ ಎಂದು ತಿಳಿಸಲಿಲ್ಲ. ಕಾರ್ಯಸೂಚಿಯೇ ಗೊತ್ತಿಲ್ಲವಲ್ಲ ಎಂದು ಸೋನಿಯಾ ಗಾಂಧಿ ಪ್ರಧಾನಿಗೆ ಪತ್ರ ಬರೆದು, ಚರ್ಚೆಯಾಗಬೇಕಾದ ಒಂಬತ್ತು ವಿಷಯಗಳನ್ನು ಪಟ್ಟಿ ಮಾಡಿದರು. ಮಹಿಳಾ ಮೀಸಲು ಮಸೂದೆ ಲೋಕಸಭೆಗೆ ಬಂದದ್ದು 19ರಂದು. 21ರ ಹೊತ್ತಿಗೆ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತ್ತು. ಬಹುತೇಕ ಎಲ್ಲರೂ ಒಪ್ಪಿದ ಮಸೂದೆ ಅದು, ನಿಜ. ಆದರೂ ಇಂಥ ಮಸೂದೆ ಬರುತ್ತಿದೆ ಎಂದು ಸಂಸದರಿಗೆ ಮೊದಲೇ ತಿಳಿಸದೇ ಇದ್ದುದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ.

ಹಂತ 2: ಕಲಾಪ ಸಲಹಾ ಸಮಿತಿಯಲ್ಲಿ ಗಂಟೆಗಳಿಗಾಗಿ ಪಟ್ಟು

ಯಾವ ಮಸೂದೆಗೆ ಎಷ್ಟು ಗಂಟೆ ಎಂದು ಹಂಚುವುದು ಈ ಸಮಿತಿ. ಲೋಕಸಭೆಯಲ್ಲಿ ಸ್ಪೀಕರ್, ರಾಜ್ಯಸಭೆಯಲ್ಲಿ ಸಭಾಪತಿ ಇದರ ಅಧ್ಯಕ್ಷರು. ಕ್ಯಾಮೆರಾ ಇಲ್ಲದ ಕೊಠಡಿ, ಆದ್ದರಿಂದ ಸುದ್ದಿಯಾಗುವುದು ಕಡಿಮೆ. ನಾಲ್ಕು ಗಂಟೆ ಎಂದದ್ದನ್ನು ಎಂಟು ಮಾಡಿಸುವುದು, ಎರಡು ಭಾರಿ ಮಸೂದೆಗಳನ್ನು ಒಂದೇ ದಿನಕ್ಕೆ ತುರುಕದಂತೆ ತಡೆಯುವುದು, ಮಸೂದೆಗಳ ಜೊತೆಗೆ ಬೆಲೆಯೇರಿಕೆಯಂಥ ವಿಷಯಕ್ಕೂ ಒಂದು ದಿನ ಬರೆಸಿಕೊಳ್ಳುವುದು ಸಾಧ್ಯವಾಗುವುದು ಇಲ್ಲಿ. ಸಮಿತಿಯ ವರದಿ ಸದನದ ಒಪ್ಪಿಗೆಗೆ ಬಂದಾಗ, ಅದನ್ನು ಸಮಿತಿಗೇ ವಾಪಸ್ ಕಳಿಸಿ ಎಂಬ ತಿದ್ದುಪಡಿ ಮಂಡಿಸಲು ಲೋಕಸಭೆಯ ನಿಯಮದಲ್ಲಿ ಅವಕಾಶವಿದೆ.

ವಾರದ ಕೊನೆಯ ದಿನ, ಸಾಮಾನ್ಯವಾಗಿ ಶುಕ್ರವಾರ, ಮುಂದಿನ ವಾರದ ಸರ್ಕಾರಿ ಕಲಾಪವನ್ನು ಸಂಸದೀಯ ವ್ಯವಹಾರಗಳ ಸಚಿವರು ಓದಿ ಹೇಳುತ್ತಾರೆ. ಈ ವಿಷಯವನ್ನೂ ಸೇರಿಸಿ ಎಂದು ಸದಸ್ಯರು ಆಗ ಕೇಳಬಹುದು. ಕೆನಡಾದಲ್ಲಿ ಇದೇ ಕೆಲಸ ಪ್ರತಿ ಗುರುವಾರ ನೇರ ಪ್ರಶ್ನೋತ್ತರವಾಗಿ ನಡೆಯುತ್ತದೆ. ಬ್ರಿಟನ್ನಿನಲ್ಲಂತೂ ಒಂದು ಅಧಿವೇಶನದಲ್ಲಿ 20 ದಿನ ವಿಪಕ್ಷಗಳಿಗೇ ಮೀಸಲು, ಅದರಲ್ಲಿ 17 ದಿನ ವಿರೋಧ ಪಕ್ಷದ ನಾಯಕರದು. ಅಂದು ವಿಷಯ ಆರಿಸುವವರು ಅವರೇ. ನಮ್ಮಲ್ಲಿ ಶುಕ್ರವಾರ ಖಾಸಗಿ (ಅಂದರೆ ಸಚಿವರಲ್ಲದ) ಸದಸ್ಯರ ಕಲಾಪಕ್ಕೆ ಎರಡೂವರೆ ಗಂಟೆ ಇದೆ, ವಿಪಕ್ಷದ ದಿನ ಎಂಬುದಿಲ್ಲ. ವಾರಕ್ಕೊಂದು ದಿನವಾದರೂ ಬೇಕು.

ಹಂತ 3: ಬೆಳಿಗ್ಗೆ ಹತ್ತರೊಳಗೆ ನೋಟಿಸ್

ಕಲಾಪ ಪಟ್ಟಿಯಲ್ಲಿ ಇಲ್ಲದ ತುರ್ತು ವಿಷಯ ಎತ್ತಬೇಕಾದರೆ ಲೋಕಸಭೆಯಲ್ಲಿ ನಿಲುವಳಿ ಸೂಚನೆ, ಅಂದರೆ ಉಳಿದ ಕಲಾಪ ನಿಲ್ಲಿಸಿ ಇದನ್ನು ಚರ್ಚಿಸಿ ಎಂಬ ಸೂಚನೆ. ಅಂದು ಬೆಳಿಗ್ಗೆ 10ರೊಳಗೆ ನೋಟಿಸ್ ತಲುಪಬೇಕು. ಸ್ಪೀಕರ್ ಒಪ್ಪಿದರೂ ಆಕ್ಷೇಪ ಬಂದರೆ 50 ಸದಸ್ಯರು ಎದ್ದು ನಿಲ್ಲಬೇಕು. ರಾಜ್ಯಸಭೆಯಲ್ಲಿ ನಿಲುವಳಿ ಸೂಚನೆ ಇಲ್ಲ. ಅಲ್ಲಿ ನಿಯಮ 267ರಡಿ ಉಳಿದ ಕಲಾಪ ಬದಿಗಿಡಿ ಎಂದು ಕೇಳುವ ರೂಢಿ ಬೆಳೆದಿದೆ. ನೋಟು ರದ್ದತಿ ಕುರಿತು 2016ರ ನವೆಂಬರ್‌ನಲ್ಲಿ ಹಾಗೆ ಚರ್ಚೆ ನಡೆದಿತ್ತು.

ನಿಯಮದ ಸಂಖ್ಯೆಗಾಗಿ ದಿನಗಟ್ಟಲೆ ಜಗಳವೇಕೆ ಎಂದು ಓದುಗರು ಕೇಳುವುದುಂಟು. ಸಂಖ್ಯೆ ಬದಲಾದರೆ ಫಲ ಬದಲಾಗುತ್ತದೆ. ಲೋಕಸಭೆಯ ನಿಯಮ 193ರಡಿ ಮಾತು ಮಾತ್ರ, ಮತವಿಲ್ಲ. 184ರಡಿ ಮತಕ್ಕೆ ಹಾಕಬಹುದು. 2023ರ ಜುಲೈನಲ್ಲಿ ಮಣಿಪುರದ ಹಿಂಸಾಚಾರದ ಬಗ್ಗೆ ರಾಜ್ಯಸಭೆಯ ವಿರೋಧ ಪಕ್ಷದ ನಾಯಕ, ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಮತ್ತು ಇತರ ವಿಪಕ್ಷಗಳು 267 ಬೇಕೆಂದರು. ಸರ್ಕಾರ 176ರ ಅಲ್ಪಾವಧಿ ಚರ್ಚೆ ಸಾಕೆಂದಿತು.

ಕೊನೆಗೆ ಲೋಕಸಭೆಯಲ್ಲಿ ಕಾಂಗ್ರೆಸ್ ಸಂಸದ ಗೌರವ್ ಗೊಗೊಯ್ ಅವಿಶ್ವಾಸ ನಿರ್ಣಯದ ನೋಟಿಸ್ ಕೊಟ್ಟರು. ಜುಲೈ 26ರಂದೇ ಸ್ಪೀಕರ್ ಅದನ್ನು ಅಂಗೀಕರಿಸಿದರೂ ಚರ್ಚೆ ಶುರುವಾದದ್ದು ಆಗಸ್ಟ್ 8ಕ್ಕೆ. ಅಂಗೀಕಾರವಾದ ಹತ್ತು ದಿನಗಳೊಳಗೆ ಚರ್ಚೆ ಕೈಗೆತ್ತಿಕೊಳ್ಳಬೇಕು ಎನ್ನುತ್ತದೆ ನಿಯಮ, ಇಲ್ಲಿ ಹದಿಮೂರು ದಿನ ಹಿಡಿಯಿತು. ಆ ನಡುವೆ ದೆಹಲಿ ಆಡಳಿತ ಸೇವೆಗಳ ಮಸೂದೆ, ದತ್ತಾಂಶ ರಕ್ಷಣೆ ಮಸೂದೆ ಲೋಕಸಭೆಯಲ್ಲಿ ಪಾಸಾದವು. ವಿಶ್ವಾಸವೇ ಪ್ರಶ್ನೆಯಾಗಿರುವಾಗ ಇಂಥ ಮಸೂದೆ ತರುವುದು ಸರಿಯಲ್ಲ ಎಂಬ ವಿಪಕ್ಷದ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು.

ಹಂತ 4: ಮಸೂದೆಯ ಬಾಗಿಲಲ್ಲೇ ತಡೆ

ಮಸೂದೆ ಮಂಡಿಸಲು ಸಚಿವರು ಏಳು ದಿನ ಮೊದಲು ನೋಟಿಸ್ ಕೊಡಬೇಕು, ಮಂಡನೆಗೆ ಕನಿಷ್ಠ ಎರಡು ದಿನ ಮೊದಲು ಮಸೂದೆಯ ಪ್ರತಿಗಳು ಸದಸ್ಯರ ಕೈಸೇರಬೇಕು ಎಂದು ಲೋಕಸಭೆ ಸ್ಪೀಕರ್ ಅವರ ನಿರ್ದೇಶನಗಳಿವೆ. ವಿನಾಯಿತಿ ಕೊಡುವ ಅಧಿಕಾರವೂ ಸ್ಪೀಕರ್‌ಗೇ ಇದೆ. ಪ್ರತಿ ಸಿಗದಿದ್ದರೆ ವಿಪಕ್ಷ ಮೊದಲು ಎತ್ತಬೇಕಾದ್ದು ಕ್ರಿಯಾಲೋಪ, ಅಂದರೆ ಸದನದ ನಿಯಮ ಪಾಲನೆಯಾಗಿಲ್ಲ ಎಂಬ ಆಕ್ಷೇಪ. ಈ ಶಾಸನ ಮಾಡುವ ಅಧಿಕಾರ ಸಂಸತ್ತಿಗಿಲ್ಲ ಎಂದು ವಾದಿಸುವುದಾದರೆ ಮಂಡನೆಯ ಹಂತದಲ್ಲೇ ಪೂರ್ಣ ಚರ್ಚೆ ಕೇಳಲು ನಿಯಮ 72 ಇದೆ.

ಜಮ್ಮು ಮತ್ತು ಕಾಶ್ಮೀರ ಪುನರ್‌ವಿಂಗಡಣೆ ಮಸೂದೆ 2019ರ ಆಗಸ್ಟ್ 5ರಂದು ರಾಜ್ಯಸಭೆಯಲ್ಲಿ ಮಂಡನೆಯಾಗಿ ಅಂದೇ ಪಾಸಾಯಿತು. ಒಂದು ರಾಜ್ಯದ ಸ್ವರೂಪವನ್ನೇ ಬದಲಿಸುವ ಶಾಸನವನ್ನು ಓದಿ, ತಜ್ಞರನ್ನು ಕೇಳಿ, ತಿದ್ದುಪಡಿ ಬರೆಯಲು ಒಂದು ದಿನ ಯಾರಿಗೆ ಸಾಕಾಗುತ್ತದೆ?

ಮುಂದಿನ ದಾರಿ ಮಸೂದೆಯನ್ನು ಸಂಸದರ ಪರಿಶೀಲನಾ ಸಮಿತಿಗೆ ಕಳಿಸಿ ಎಂಬ ಬೇಡಿಕೆ. ಕಾಲಾವಕಾಶ ಗಿಟ್ಟಿಸಲು ಇದಕ್ಕಿಂತ ಗಟ್ಟಿ ಸಾಧನ ಇಲ್ಲ. ಸಮಿತಿಯಲ್ಲಿ ಅಧಿಕಾರಿಗಳು, ರೈತರು, ವಕೀಲರು ಬಂದು ಹೇಳುತ್ತಾರೆ. ಕಲಂ ಕಲಂ ಓದಲಾಗುತ್ತದೆ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 15ನೇ ಲೋಕಸಭೆಯಲ್ಲಿ (2009–14) ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019–24) ಅದು 16ಕ್ಕೆ ಇಳಿಯಿತು.

ಹಂತ 5: ಧ್ವನಿಮತ ಬೇಡ, ಮತ ವಿಭಜನೆ ಬೇಕು

ಇದೇ ಕೊನೆಯ ಮತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ ಹಂತ. ಪೀಠದಲ್ಲಿರುವವರು ಪ್ರಶ್ನೆ ಮುಂದಿಡುತ್ತಾರೆ. ಪರವಾಗಿರುವವರು 'ಆಯ್' ಎನ್ನುತ್ತಾರೆ, ವಿರುದ್ಧ ಇರುವವರು 'ನೋ' ಎನ್ನುತ್ತಾರೆ. ಯಾವ ದನಿ ಜೋರೋ ಅದರಂತೆ ಪೀಠದ ತೀರ್ಪು. ಅದನ್ನು ಸದಸ್ಯರು ಪ್ರಶ್ನಿಸಿದರೆ ಲೋಕಸಭೆಯಲ್ಲಿ ಲಾಬಿ ತೆರವು ಮಾಡಿಸಿ, ಮೂರೂವರೆ ನಿಮಿಷ ಕಾದು, ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲಾಗುತ್ತದೆ. ಆಗಲೂ ಒಪ್ಪದಿದ್ದರೆ ಮತದಾನ, ಅದೇ ಮತ ವಿಭಜನೆ. ಪ್ರತಿಯೊಬ್ಬರೂ ತಮ್ಮ ಆಸನದ ಮುಂದಿನ ಗುಂಡಿ ಒತ್ತುತ್ತಾರೆ: ಹಸಿರು ಪರ, ಕೆಂಪು ವಿರುದ್ಧ, ಹಳದಿ ತಟಸ್ಥ.

ಕೃಷಿ ಮಸೂದೆಗಳ ದಿನ ಸೆಲೆಕ್ಟ್ ಕಮಿಟಿಗೆ (ಆ ಮಸೂದೆಯ ಪರಿಶೀಲನೆಗೆಂದೇ ರಚಿಸುವ ಸಮಿತಿಗೆ) ಕಳಿಸುವ ವಿಪಕ್ಷದ ಸೂಚನೆಗಳು ಧ್ವನಿಮತದಲ್ಲೇ ಬಿದ್ದುಹೋದವು. ಮತ ವಿಭಜನೆ ಕೇಳಿದೆವು ಎಂದು ವಿಪಕ್ಷ, ಸದಸ್ಯರು ತಮ್ಮ ಆಸನದಲ್ಲಿ ಇರಲಿಲ್ಲ ಎಂದು ಪೀಠ. ಮರುದಿನ ಎಂಟು ಸಂಸದರ ಅಮಾನತಾಯಿತು, ಕರ್ನಾಟಕದ ಸೈಯದ್ ನಾಸೀರ್ ಹುಸೇನ್ ಅವರಲ್ಲೊಬ್ಬರು. ಯಾರು ಹೇಳಿದ್ದು ಸರಿ ಎಂಬ ವಾದ ಇನ್ನೂ ಇದೆ. ಪಾಠ ಮಾತ್ರ ಸ್ಪಷ್ಟ: ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ ಇಳಿದವರಿಗೆ ಗುಂಡಿ ಸಿಗುವುದಿಲ್ಲ. ವಿಭಜನೆ ಕೇಳುವ ಗಳಿಗೆಯಲ್ಲಿ ತಮ್ಮವರೆಲ್ಲ ಆಸನದಲ್ಲಿ ಇರುವಂತೆ ನೋಡಿಕೊಳ್ಳುವುದು ನಾಯಕರ ಹೊಣೆ.

ಸರಿಯಾಗಿ ಕೇಳಿದಾಗ ಸೋಲು ಕೂಡ ದಾಖಲಾಗುತ್ತದೆ. ದೆಹಲಿ ಸೇವೆಗಳ ಮಸೂದೆ ರಾಜ್ಯಸಭೆಯಲ್ಲಿ 131–102ರಿಂದ ಪಾಸಾಯಿತು. ವಕ್ಫ್ ತಿದ್ದುಪಡಿ ಮಸೂದೆಗೆ 2025ರ ಏಪ್ರಿಲ್ 3ರ ನಡುರಾತ್ರಿ ಕಳೆದ ಮೇಲೆ ಲೋಕಸಭೆಯಲ್ಲಿ 288–232 ಮತ ಬಿತ್ತು.

ಸಭಾತ್ಯಾಗದ ಬಗ್ಗೆ ಒಂದು ಮಾತು. ಆ ಎಂಟು ಸಂಸದರ ಅಮಾನತು ಖಂಡಿಸಿ ವಿಪಕ್ಷ ಹೊರಗುಳಿದಾಗ, 2020ರ ಸೆಪ್ಟೆಂಬರ್ 22ರಂದು ರಾಜ್ಯಸಭೆ ಒಂದೇ ದಿನ ಏಳು ಮಸೂದೆ ಪಾಸು ಮಾಡಿತು. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 146 ಸಂಸದರು ಅಮಾನತಾಗಿದ್ದಾಗ ಮೂರು ಹೊಸ ಅಪರಾಧ ಕಾನೂನುಗಳು ಬಂದವು. ಖಾಲಿ ಆಸನಗಳೆದುರು ಕಾನೂನು ಪಾಸು ಮಾಡಿಸಿಕೊಳ್ಳುವ ಸರ್ಕಾರ ತಪ್ಪಿತಸ್ಥ. ತಾನಾಗಿ ಆಸನ ಖಾಲಿ ಮಾಡುವ ವಿಪಕ್ಷವೂ ತನ್ನ ತಿದ್ದುಪಡಿಗಳನ್ನು ಅನಾಥವಾಗಿ ಬಿಟ್ಟುಹೋಗುತ್ತದೆ.

ಮನೆಯಲ್ಲೇ ಕುಳಿತು ಗಮನಿಸುವವರಿಗೆ

ಮರುದಿನದ ಕಲಾಪ ಪಟ್ಟಿ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಶುಕ್ರವಾರ ಸಚಿವರು ಓದಿದ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ನಡುವೆ ಸೇರಿಕೊಂಡ ಮಸೂದೆ ಕಣ್ಣಿಗೆ ಬೀಳುತ್ತದೆ. ಮತ ವಿಭಜನೆ ನಡೆದಿದ್ದರೆ ಆ ದಿನದ ಚರ್ಚೆಯ ನಡಾವಳಿಯಲ್ಲಿ ಯಾರು ಯಾವ ಕಡೆ ಎಂದು ಹೆಸರು ಸಮೇತ ಇರುತ್ತದೆ. ಕರ್ನಾಟಕದ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರ ಹೆಸರನ್ನು ಅಲ್ಲಿ ಹುಡುಕಿ. ಧ್ವನಿಮತದಲ್ಲಿ ಪಾಸಾಗಿದ್ದರೆ ಅಂಥ ಪಟ್ಟಿ ಇರುವುದಿಲ್ಲ, ನಿಮ್ಮ ಸಂಸದರು ಯಾವ ಕಡೆ ಇದ್ದರು ಎಂದು ಅವರನ್ನೇ ಕೇಳಬೇಕು.